ಪುನರ್ವಸುವಿಗೆ ಆಯ ನೋಡಿದ್ದು

ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಹೇಳಿದ್ದು ಬೇರೆಯವರ ವಿಷಯಕ್ಕೆ ಎಂದು ನಾನು ಬಹಳ ಕಾಲ ತಿಳಿದಿದ್ದೆ. ನೆರೆಮನೆಯವರು ಏನಾದರೂ ಕಂಡೆವು ಎಂದರೆ ಒಮ್ಮೆಗೇ ನಂಬಬೇಡ, ನಾಲ್ಕು ಜನರನ್ನು ಕೇಳು, ಅಷ್ಟೇ ಅದರ ಅರ್ಥ ಎಂದುಕೊಂಡಿದ್ದೆ. ಹುಟ್ಟಿದಂದಿನಿಂದ ನನ್ನ ಜೊತೆಯಲ್ಲೇ ಇರುವ ನನ್ನ ಎರಡು ಕಣ್ಣುಗಳು ನನಗೇ ಸುಳ್ಳು ಹೇಳಿಯಾವು ಎಂದು ಯಾರಾದರೂ ಅಂದಿದ್ದರೆ ಜಗಳಕ್ಕೇ ನಿಲ್ಲುತ್ತಿದ್ದೆ. ಈಗ ಹಾಗಲ್ಲ. ಯಾರಾದರೂ ಕಣ್ಣಾರೆ ಕಂಡೆ ಎಂದು ಆಣೆ ಹಾಕಿದರೆ ನನಗೆ ಅವರ ಮೇಲೆ ಸಂಶಯ ಬರುವುದಿಲ್ಲ, ಕನಿಕರ ಬರುತ್ತದೆ. ಈ ಕನಿಕರ ನನ್ನಲ್ಲಿ ಹುಟ್ಟಿದ್ದು ಅರವತ್ತರ ದಶಕದ ಆರಂಭದಲ್ಲಿ, ಹಳದೀಪುರದ ಒಂದು ಬಾಡಿಗೆ ಮನೆಯ ಅಂಗಳದಲ್ಲಿ, ಐದು ಮರದ ಮುಚ್ಚಳಗಳ ದೆಸೆಯಿಂದ.

ಆಗ ನಾನು ಕುಮಟೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ಬೆಳಿಗ್ಗೆ ಬಸ್ಸಿನಲ್ಲಿ ಹೋಗಿ ಸಂಜೆ ಬಸ್ಸಿನಲ್ಲಿ ಬರುವುದು. ಸೆಂಟಿಮೀಟರು ಆಗಷ್ಟೇ ಸರಕಾರದಿಂದ ಬಂದಿತ್ತು. ಪಾಠವನ್ನು ಸೆಂಟಿಮೀಟರಿನಲ್ಲಿ ಮಾಡಿ ಜೀವನವನ್ನು ಇಂಚಿನಲ್ಲಿ ಮಾಡುತ್ತಿದ್ದೆವು. ಇಂಥ ನನ್ನನ್ನು ಲೋಕದಲ್ಲಿ ಒಬ್ಬರು ಮಾತ್ರ ದೊಡ್ಡ ಮನುಷ್ಯ ಎಂದು ನಂಬಿದ್ದರು. ಅವರು ಧಾರವಾಡದಲ್ಲಿ ನನಗೆ ಫಿಸಿಕ್ಸ್ ಕಲಿಸಿದ ಪ್ರೊಫೆಸರರು. ಅದಕ್ಕೆ ಕಾರಣ ಒಂದು ಪ್ರಯೋಗ. ಲೋಲಕವನ್ನು ತೂಗಿಸಿ ಭೂಮಿಯ ಸೆಳೆತ ಎಷ್ಟೆಂದು ಅಳೆಯುವ ದಿನ ಇಡೀ ಕ್ಲಾಸು ಪುಸ್ತಕದಲ್ಲಿದ್ದ ಹಾಗೆ ೯೭೮ ಎಂದು ಬರೆದಿತ್ತು. ನಾನೊಬ್ಬ ೯೪೧ ಎಂದು ಬರೆದಿದ್ದೆ. ಪ್ರೊಫೆಸರರು ನನ್ನ ಜರ್ನಲ್ಲನ್ನು ಎತ್ತಿ ಹಿಡಿದು, “ಕಂಡದ್ದನ್ನು ಕಂಡ ಹಾಗೆ ಬರೆದವನು ಇವನೊಬ್ಬನೇ. ಉಳಿದವರು ಪುಸ್ತಕ ನೋಡಿ ಬರೆದಿದ್ದೀರಿ” ಎಂದರು. ಅಂದಿನಿಂದ ನನ್ನ ಕಣ್ಣಿನ ಮೇಲೆ ಅವರಿಗೆ ಅಪಾರ ವಿಶ್ವಾಸ. ನಿವೃತ್ತರಾದಾಗ ತಮ್ಮ ಸ್ವಂತದ ಮೂರಿಂಚಿನ ದುರ್ಬೀನನ್ನು ಫಸ್ಟ್ ಕ್ಲಾಸು ಬಂದವರಿಗೆ ಕೊಡದೆ, ಥರ್ಡ್ ಕ್ಲಾಸಿನಲ್ಲಿ ಪಾಸಾದ ನನಗೆ ಕೊಟ್ಟುಬಿಟ್ಟರು. ಅದರ ಜೊತೆಗೆ ಒಂದು ಕೆಲಸವನ್ನೂ ಕೊಟ್ಟರು.

ಕೆಲಸ ಇಷ್ಟು. ಪುನರ್ವಸು ಎಂದರೆ ಎರಡು ನಕ್ಷತ್ರ ಎಂಬುದು ನಮ್ಮ ಕಡೆ ಪಂಚಾಂಗ ನೋಡುವ ಎಲ್ಲರಿಗೂ ಗೊತ್ತು. ಆ ಎರಡರಲ್ಲಿ ಬಡಗಣ ದಿಕ್ಕಿನದು ತಾನೇ ಮತ್ತೆ ಎರಡು. ಒಂದನ್ನೊಂದು ಸುತ್ತುವ ಜೋಡಿ. ದುರ್ಬೀನಿನಲ್ಲಿ ಸುಮ್ಮನೆ ನೋಡಿದರೆ ಎರಡೆಂದು ತಿಳಿಯುತ್ತದೆ, ನಡುವಿನ ದೂರ ತಿಳಿಯುವುದಿಲ್ಲ. ಆ ದೂರವಾದರೂ ಎಷ್ಟು? ಒಂದೂವರೆ ಮೈಲಿ ಆಚೆ ನಿಂತವನ ಕೈಯಲ್ಲಿರುವ ರೂಪಾಯಿ ನಾಣ್ಯದ ಅಗಲದಷ್ಟು. ಅದನ್ನು ಅಳೆಯಲು ಒಂದು ಉಪಾಯವಿದೆ. ದುರ್ಬೀನಿನ ಬಾಯಿಗೆ ಎರಡು ಸೀಳು ಇರುವ ಮುಚ್ಚಳ ಹಾಕಿ ನೋಡಿದರೆ ನಕ್ಷತ್ರದ ಮೇಲೆ ಪಟ್ಟೆಪಟ್ಟೆ ಲುಂಗಿಯ ಹಾಗೆ ಸಣ್ಣ ಕಪ್ಪು ಗೆರೆಗಳು ಕಾಣುತ್ತವೆ. ಒಂಟಿ ನಕ್ಷತ್ರವಾದರೆ ಸೀಳುಗಳನ್ನು ಎಷ್ಟು ದೂರವಿಟ್ಟರೂ ಗೆರೆ ಅಳಿಯುವುದಿಲ್ಲ. ಜೋಡಿಯಾದರೆ, ಸೀಳುಗಳ ನಡುವೆ ಒಂದು ನಿರ್ದಿಷ್ಟ ಅಂತರವಿದ್ದಾಗ, ಒಂದರ ಗೆರೆಯ ಮೇಲೆ ಇನ್ನೊಂದರ ಬೆಳಕು ಬಿದ್ದು ಎಲ್ಲವೂ ಮಸುಕಾಗುತ್ತದೆ. ಯಾವ ಅಂತರದ ಮುಚ್ಚಳದಲ್ಲಿ ಗೆರೆ ಮಸುಕಾಯಿತು ಎಂದು ಹೇಳಿದರೆ ಜೋಡಿಯ ದೂರ ಹೇಳಿದ ಹಾಗೆ. ಪ್ರೊಫೆಸರರು ತಮ್ಮ ಹಳೆಯ ಶಿಷ್ಯರಿಂದ ಇಂಥ ಅಳತೆಗಳನ್ನು ಕೂಡಿಸಿ, ಅಳೆದವರ ಹೆಸರಿನ ಸಮೇತ, ವಿಲಾಯತಿಯ ಒಂದು ಪತ್ರಿಕೆಗೆ ಕಳಿಸುವವರಿದ್ದರು. ನನ್ನ ಹೆಸರು ಅದುವರೆಗೆ ಅಚ್ಚಾದದ್ದು ನನ್ನ ಲಗ್ನಪತ್ರಿಕೆಯಲ್ಲಿ ಮಾತ್ರ, ಅದೂ ಒಂದಕ್ಷರ ತಪ್ಪಾಗಿ. ಆಸೆ ಹತ್ತಿತು. ನಿದ್ದೆಯಲ್ಲೂ ಹತ್ತಿತು.

ಮುಚ್ಚಳ ಮಾಡಿಕೊಡಲು ಊರಿನ ಗಣಪಯ್ಯ ಆಚಾರಿಯನ್ನು ಹಿಡಿದೆ. ಬಾಗಿಲು ಕಿಟಕಿ ಮಾಡುವುದರಲ್ಲಿ ಹೊನ್ನಾವರ ತಾಲೂಕಿನಲ್ಲೇ ಅವನನ್ನು ಮೀರಿದವರಿರಲಿಲ್ಲ. ತೆಳ್ಳಗಿನ ಹಲಸಿನ ಹಲಗೆಯ ಐದು ಮುಚ್ಚಳ ಬೇಕು, ಸೀಳುಗಳ ನಡುವೆ ಮೊದಲನೆಯದಕ್ಕೆ ಅರ್ಧ ಇಂಚು, ಎರಡನೆಯದಕ್ಕೆ ಮುಕ್ಕಾಲು, ಮೂರನೆಯದಕ್ಕೆ ಒಂದು, ಆಮೇಲೆ ಒಂದೂಕಾಲು, ಒಂದೂವರೆ ಎಂದು ಚೀಟಿ ಬರೆದು ಕೊಟ್ಟೆ. “ಇದೆಂತಕ್ಕೆ ಮಾಸ್ತರ್ರೆ?” ಎಂದ. ಅಲ್ಲಿಗೆ ಸುಮ್ಮನಿದ್ದರೆ ನನ್ನ ಬಾಳು ನೆಟ್ಟಗಿರುತ್ತಿತ್ತು. ಆದರೆ ಮಾಸ್ತರಿಕೆ ಎಂಬುದು ಚಟ. ತಿಳಿಯದವರಿಗೆ ತಿಳಿಯುವ ಹಾಗೆ ಹೇಳಬೇಕೆಂಬ ಉಮೇದಿನಲ್ಲಿ, “ನೋಡು ಗಣಪಯ್ಯ, ಆಕಾಶದಲ್ಲಿ ಗಂಡ ಹೆಂಡತಿಯ ಹಾಗೆ ಎರಡು ನಕ್ಷತ್ರ ಉಂಟು. ಇದು ಅವರ ಮನೆ, ಇವು ಎರಡು ಕಿಟಕಿ ಅಂತ ತಿಳಿ” ಎಂದೆ. ಅವನು ಚೀಟಿಯನ್ನು ಎರಡು ಸಲ ಓದಿದ. ಮುಖ ಸಣ್ಣದು ಮಾಡಿದ. “ಆತು, ನಾನು ಸರಿ ಮಾಡಿ ಕೊಡ್ತೆ” ಎಂದ. ಆ ‘ಸರಿ ಮಾಡಿ’ ಎಂಬುದರ ಮೇಲೆ ನಾನು ಗಮನ ಕೊಡಲಿಲ್ಲ. ವಾರದಲ್ಲಿ ಐದು ಮುಚ್ಚಳ ಬಂದವು, ಅಂಚಿಗೆ ಸಣ್ಣ ಹೂಬಳ್ಳಿಯ ಕೆತ್ತನೆ ಬೇರೆ. ಅಂದ ನೋಡಿ ಮರುಳಾಗಿ ನಾನು ಅಳತೆ ನೋಡಲಿಲ್ಲ. ಮುಚ್ಚಳ ಮಾಡಿ ತಂದವನ ಎದುರು ಟೇಪು ಹಿಡಿಯುವುದು ಮರ್ಯಾದೆಯೂ ಅಲ್ಲ.

ಶಿವರಾತ್ರಿ ಕಳೆದ ಮೇಲೆ ಪುನರ್ವಸು ಕತ್ತಲಾಗುವ ಹೊತ್ತಿಗೇ ನೆತ್ತಿಯ ಮೇಲೆ ಬಂದಿರುತ್ತದೆ. ಅಂಗಳದಲ್ಲಿ ಬೆಂಚಿನ ಮೇಲೆ ಅಂಗಾತ ಮಲಗಿ ಅಳೆಯಬೇಕು. ಹನ್ನೆರಡು ಸಂಜೆ ಅಳೆಯಬೇಕೆಂದು ಪ್ರೊಫೆಸರರ ಅಪ್ಪಣೆಯಾಗಿತ್ತು. ಪುಸ್ತಕದ ಪ್ರಕಾರ ಉತ್ತರ ಎಷ್ಟು ಬರಬೇಕು ಎಂಬುದನ್ನು ಒಂದು ಲಕೋಟೆಯಲ್ಲಿಟ್ಟು ಅಂಟಿಸಿ ಕಳಿಸಿದ್ದರು. ಮೇಲೆ ‘ಹನ್ನೆರಡನೆಯ ಸಂಜೆಯ ನಂತರ ಒಡೆಯತಕ್ಕದ್ದು’ ಎಂದು ಬರೆದಿದ್ದರು. ಮೊದಲ ಸಂಜೆ ಅಳೆದು, ಕಂಡದ್ದನ್ನು ವಹಿಯಲ್ಲಿ ಬರೆದು, ಊಟಕ್ಕೆ ಕೂತೆ. ಲಕೋಟೆ ಗೂಡಿನಲ್ಲಿ ನನ್ನನ್ನೇ ನೋಡುತ್ತಿತ್ತು. ಒಡೆದು ನೋಡಿದರೆ ನಕ್ಷತ್ರವೇನು ಓಡಿಹೋಗುವುದಿಲ್ಲವಲ್ಲ ಎಂದುಕೊಂಡು ಒಡೆದೆ. ಒಂದಿಂಚು ಎಂದಿತ್ತು. ಅಂದರೆ ಮೂರನೇ ಮುಚ್ಚಳ. ತಟ್ಟೆಯ ಮೂಲೆಯಿಂದ ಒಂದು ಅಗುಳು ಅನ್ನ ತೆಗೆದು ಲಕೋಟೆಯನ್ನು ಮತ್ತೆ ಅಂಟಿಸಿದೆ. ನನ್ನ ಹೆಂಡತಿ ಸುಮತಿ ಸಾರು ಬಡಿಸುತ್ತ ಅದನ್ನು ನೋಡಿದಳು, ಏನೂ ಕೇಳಲಿಲ್ಲ. ಅವಳು ಏನೂ ಕೇಳದಿದ್ದಾಗಲೇ ನನಗೆ ಹೆದರಿಕೆ ಹೆಚ್ಚು.

ಮುಂದಿನ ಸಂಜೆಗಳ ಕಷ್ಟವನ್ನು ಹೇಳಿ ಮುಗಿಸಲಾಗದು. ಕಡಲಿನ ತೇವಕ್ಕೆ ಗಾಜು ಬೆವರುತ್ತಿತ್ತು. ಸುಮತಿ ಅರೆಯುವ ಕಲ್ಲು ತಿರುಗಿಸಿದರೆ ಆಕಾಶವೇ ಅದುರುತ್ತಿತ್ತು. ಆರು ಗಂಟೆಯೊಳಗೆ ಅರೆದು ಮುಗಿಸು ಎಂದು ಅಂಗಲಾಚಿದೆ. “ಆ ಜೋಡಿ ಮಧ್ಯ ಎಷ್ಟು ದೂರ ಅದೆ ಅಂತ ನಿಮ್ಗೆ ದಿನಾ ಚಿಂತೆ. ವಾರ ಆತು, ನನ್ ಹತ್ರ ನೀವು ಅರೀಬೇಡ ಅಂಬುದು ಬಿಟ್ಟು ಇನ್ನೊಂದ್ ಮಾತು ಆಡಿದ್ರಾ?” ಎಂದಳು. ಆದರೂ ಅರೆಯುವುದನ್ನು ಹಗಲಿಗೆ ಹಾಕಿಕೊಂಡಳು. ಅಂತೂ ಹನ್ನೆರಡು ಸಂಜೆ ಮುಗಿದವು. ಎರಡನೇ ಮುಚ್ಚಳದಲ್ಲಿ ಗೆರೆ ಸ್ಪಷ್ಟ, ಮೂರನೆಯದರಲ್ಲಿ ಮಸುಕು, ನಾಲ್ಕನೆಯದರಲ್ಲಿ ಮತ್ತೆ ಸ್ಪಷ್ಟ. ಹನ್ನೆರಡಕ್ಕೆ ಹನ್ನೆರಡೂ ಹಾಗೆಯೇ. ಧಾರವಾಡಕ್ಕೆ ಬರೆದೆ. ಪ್ರೊಫೆಸರರ ಉತ್ತರ ಓದಿ ಬಸ್ಸಿನಲ್ಲಿ ನಿಲ್ಲಲು ಜಾಗವಿಲ್ಲದಿದ್ದರೂ ನನಗೆ ತೇಲಿದ ಹಾಗಾಯಿತು. ‘ನಿನ್ನ ಅಳತೆ ಪುಸ್ತಕಕ್ಕೆ ಕೂದಲೆಳೆಯ ವ್ಯತ್ಯಾಸವಿಲ್ಲದೆ ಹೊಂದಿದೆ. ಅಚ್ಚಿಗೆ ಕಳಿಸುತ್ತೇನೆ. ಅದಕ್ಕೆ ಮುಂಚೆ ಮುಚ್ಚಳಗಳ ಅಂತರವನ್ನು ನೀನೇ ಖುದ್ದು ಅಳೆದು ಬರೆ’ ಎಂದಿದ್ದರು.

ಸ್ಕೂಲಿನಿಂದ ವರ್ನಿಯರ್ ಕ್ಯಾಲಿಪರ್ಸ್ ತಂದು ಭಾನುವಾರ ಅಳೆದೆ. ಅರ್ಧ ಇಂಚು ಇರಬೇಕಾದದ್ದು ಅರ್ಧಕ್ಕಿಂತ ಹೆಚ್ಚಿತ್ತು. ಮುಕ್ಕಾಲಿನದು ಹೆಚ್ಚು. ಒಂದಿಂಚಿನದೂ ಹೆಚ್ಚು. ಐದಕ್ಕೆ ಐದೂ ತಲಾ ಒಂದು ನೂಲು ಹೆಚ್ಚು. ಆಚಾರಿಗಳ ಲೆಕ್ಕದಲ್ಲಿ ಇಂಚಿಗೆ ಎಂಟು ನೂಲು. ಕೈತಪ್ಪಾದರೆ ಒಂದು ಹೆಚ್ಚು ಒಂದು ಕಡಿಮೆ ಆಗಬೇಕು; ಇದು ಬೇಕೆಂದೇ ಮಾಡಿದ ಕೆಲಸ. ಗಣಪಯ್ಯ ಆಗ ಭಟ್ಕಳದ ಹತ್ತಿರ ಹೆಬಳೆಯಲ್ಲಿ ಯಾರದೋ ಮನೆಯ ಬಾಗಿಲ ಕೆಲಸ ಹಿಡಿದು ಕೂತಿದ್ದ. ಮರುದಿನ ರಜೆ ಹಾಕಿ, ಮುಚ್ಚಳಗಳನ್ನು ಚೀಲಕ್ಕೆ ತುಂಬಿ ಹೊರಟೆ. ಹೊನ್ನಾವರದಲ್ಲಿ ಬಸ್ಸಿಳಿದು, ಶರಾವತಿಯನ್ನು ಲಾಂಚಿನಲ್ಲಿ ದಾಟಿ, ಆಚೆ ಇನ್ನೊಂದು ಬಸ್ಸು ಹಿಡಿದು, ದಾರಿಯುದ್ದಕ್ಕೂ ಅವನಿಗೆ ಬಯ್ಯಬೇಕಾದ ಮಾತುಗಳನ್ನು ಜೋಡಿಸಿಕೊಂಡೆ. ಚಲೋ ಜೋಡಣೆಯಾಗಿತ್ತು.

ಗಣಪಯ್ಯ ನೆರಳಿನಲ್ಲಿ ಕೂತು ಬಾಗಿಲ ಚೌಕಟ್ಟಿನ ದಾರಂದಕ್ಕೆ ಉಳಿ ಹಾಕುತ್ತಿದ್ದ. ನಾನು ಮುಚ್ಚಳಗಳನ್ನು ಅವನೆದುರು ಸುರಿದು, “ಅಳತೆ ಬದಲಾಯಿಸು ಅಂತ ನಿನಗೆ ಹೇಳಿದವರು ಯಾರು?” ಎಂದೆ. ಅವನು ಗಾಬರಿಯಾಗಲಿಲ್ಲ. ಉಳಿ ಕೆಳಗಿಟ್ಟ.

“ನೀವು ಬರ್ಕೊಟ್ಟ ಅಳತೆಲಿ ಒಂದಕ್ಕಾದ್ರೂ ಆಯ ಇತ್ತಾ ಮಾಸ್ತರ್ರೆ? ಅರ್ಧ ಇಂಚು ಅಂದ್ರೆ ನಾಲ್ಕು ನೂಲು, ಅದು ನಾಯಿ. ಮುಕ್ಕಾಲು ಅಂದ್ರೆ ಆರು, ಕತ್ತೆ. ಒಂದಿಂಚು ಎಂಟು, ಕಾಗೆ. ಗಂಡ ಹೆಂಡ್ತಿ ಇರೂ ಮನೆ ಅಂತ ನೀವೇ ಹೇಳಿದ್ರಿ. ಅದಕ್ಕೆ ಕಾಗೆ ಆಯದ ಕಿಟಕಿ ಇಟ್ಟು ನಾನು ಪಾಪ ಕಟ್ಕಳ್ಳೂದಾ? ಒಂದೊಂದು ನೂಲು ಕೂಡ್ಸಿದೆ. ಈಗ ಒಂದು ವೃಷಭ, ಒಂದು ಗಜ, ಒಂದು ಧ್ವಜ. ಎಲ್ಲಾ ಚಲೋ ಆಯ.”

ಮನೆಯ ಅಳತೆಯನ್ನು ಎಂಟೆಂಟಾಗಿ ಎಣಿಸಿ, ಉಳಿದದ್ದು ಬೆಸವಾದರೆ ಶುಭ, ಸಮವಾದರೆ ಅಶುಭ ಎಂಬ ಆಯದ ಲೆಕ್ಕ ನನಗೂ ಗೊತ್ತಿದ್ದದ್ದೇ. ಕಾಲಿಂಚು ಕಾಲಿಂಚು ಏರುವ ನನ್ನ ಚೀಟಿಯಲ್ಲಿ ಎಲ್ಲವೂ ಸಮ. ಹುಡುಕಿದರೂ ಅಷ್ಟು ಅಶುಭವನ್ನು ಒಂದೇ ಚೀಟಿಯಲ್ಲಿ ಕೂಡಿಸಲಾಗದು. ಆದರೂ ನಾನು ಸಿಟ್ಟು ಬಿಡಲಿಲ್ಲ. ನಿನ್ನಿಂದ ನನ್ನ ಹನ್ನೆರಡು ಸಂಜೆಯ ಕೆಲಸ ನೀರುಪಾಲಾಯಿತು, ಪುಸ್ತಕದಲ್ಲಿ ಒಂದಿಂಚು ಎಂದಿದೆ, ನಾನು ಒಂದಿಂಚು ಎಂದೇ ಕಂಡು ಬರೆದಿದ್ದೇನೆ, ಈಗ ನೋಡಿದರೆ ಮುಚ್ಚಳವೇ ಒಂದಿಂಚು ಅಲ್ಲ ಎಂದು ಕೂಗಾಡಿದೆ. ಗಣಪಯ್ಯ ಎಲ್ಲ ಕೇಳಿದ. ಮೂರನೇ ಮುಚ್ಚಳವನ್ನು ಕೈಗೆತ್ತಿಕೊಂಡು ಅದರ ಹೂಬಳ್ಳಿಯ ಮೇಲಿನ ಧೂಳನ್ನು ಅಂಗಿಯಿಂದ ಒರೆಸಿದ.

“ಅಲ್ಲ ಮಾಸ್ತರ್ರೆ, ನಂಗೆ ಎಂತ ಗೊತ್ತು, ತಿಳೀದೇ ಕೇಳ್ತೆ. ಪುಸ್ತಕದಲ್ಲಿ ಒಂದಿಂಚು. ನಾನು ಮಾಡಿದ್ದು ಒಂದಿಂಚಲ್ಲ. ಹಂಗಾರೆ ನಿಮ್ಗೆ ಪುಸ್ತಕದಲ್ಲಿ ಇದ್ದ ಹಾಂಗೇ ಕಂಡಿದ್ದು ಹ್ಯಾಂಗೆ?”

ದಾರಿಯುದ್ದಕ್ಕೂ ಜೋಡಿಸಿದ್ದ ಮಾತುಗಳಲ್ಲಿ ಒಂದೂ ನೆನಪಿಗೆ ಬರಲಿಲ್ಲ. ಅವನು ಎಳನೀರು ತರಿಸಿ ಕೊಟ್ಟ. ಕುಡಿದೆ. ಚೀಲಕ್ಕೆ ಮುಚ್ಚಳ ತುಂಬಿಕೊಂಡು ಹೊರಟೆ.

ಶರಾವತಿ ದಾಟುವಾಗ ಲಾಂಚಿನಲ್ಲಿ ಮೀನುಬುಟ್ಟಿಗಳ ನಡುವೆ ಕೂತು ವಹಿ ತೆಗೆದೆ. ಲೆಕ್ಕ ಬೆರಳೆಣಿಕೆಯಷ್ಟೇ ಸುಲಭ. ಎರಡನೇ ಮುಚ್ಚಳ ನಿಜವಾಗಿ ಏಳು ನೂಲು, ಮೂರನೆಯದು ಒಂಬತ್ತು. ಗೆರೆ ನಿಜವಾಗಿ ಅಳಿಯಬೇಕಾದದ್ದು ಪುಸ್ತಕದ ಒಂದಿಂಚಿನಲ್ಲಿ, ಎಂಟು ನೂಲಿನಲ್ಲಿ. ಅಂದರೆ ಗೆರೆಗಳು ಎರಡರಲ್ಲೂ ಒಂದೇ ಸಮ ಮಸುಕಾಗಬೇಕಿತ್ತು. ನಾನು ಹನ್ನೊಂದು ಸಂಜೆ ಬೆಂಚಿನ ಮೇಲೆ ಮಲಗಿ, ಕುತ್ತಿಗೆ ನೋಯಿಸಿಕೊಂಡು, ಎರಡನೆಯದರಲ್ಲಿ ಸ್ಪಷ್ಟ ಎಂದು ಬರೆದಿದ್ದೆ. ಸುಳ್ಳು ಬರೆದೆ ಎಂದು ಅನ್ನಿಸಿರಲಿಲ್ಲ. ಸ್ಪಷ್ಟವಾಗಿಯೇ ಕಂಡಿತ್ತು, ದೇವರಾಣೆ. ಮೊದಲ ಪುಟ ತಿರುಗಿಸಿದೆ. ಲಕೋಟೆ ಒಡೆಯುವುದಕ್ಕೆ ಮುಂಚಿನ ಸಂಜೆಯದು. ಅಲ್ಲಿ ನನ್ನದೇ ಅಕ್ಷರದಲ್ಲಿ, ‘ಎರಡು ಮತ್ತು ಮೂರು, ಎರಡೂ ಸಮ ಮಸುಕು’ ಎಂದಿತ್ತು. ಅದನ್ನು ಒಂದು ಗೀಟು ಹಾಕಿ ಹೊಡೆದಿದ್ದೆ. ಪಕ್ಕದಲ್ಲಿ, ಬೇರೆ ಶಾಯಿಯಲ್ಲಿ, ‘ಎರಡು ಸ್ಪಷ್ಟ. ಮಂಜು ಇದ್ದುದರಿಂದ ತಪ್ಪಾಗಿತ್ತು’ ಎಂದು ತಿದ್ದಿದ್ದೆ. ಆ ಸಂಜೆ ಮಂಜು ಇರಲಿಲ್ಲ. ಆಚಾರಿ ಅಳತೆಯನ್ನು ಆಯಕ್ಕೆ ಹೊಂದಿಸಿದ್ದ, ನಾನು ಕಣ್ಣನ್ನು ಲಕೋಟೆಗೆ ಹೊಂದಿಸಿದ್ದೆ. ನಾನು ಕೇಳಿದಾಗ ಅವನು ಒಪ್ಪಿಕೊಂಡ. ಅಷ್ಟು ನಾಚಿಕೆ ನನಗೆ ಹಿಂದೆಂದೂ ಆಗಿರಲಿಲ್ಲ. ಲಾಂಚು ದಡ ಮುಟ್ಟಿದ್ದು ತಿಳಿಯದೆ ಕೂತಿದ್ದೆ. ಮೀನಿನ ಹೆಂಗಸೊಬ್ಬಳು, “ಇಳೀರಾ ಸಾಮಿ, ಮತ್ತೆ ಆಚಿಗೆ ಹೋತ್ರಾ?” ಎಂದಳು.

ಮೂರು ದಿನ ಊಟ ಸೇರಲಿಲ್ಲ. ನಾಲ್ಕನೇ ದಿನ ಎಲ್ಲವನ್ನೂ ಬರೆದೆ: ಆಯ, ನೂಲು, ಹೊಡೆದುಹಾಕಿದ ಸಾಲು, ಲಕೋಟೆ, ಅನ್ನದ ಅಗುಳಿನವರೆಗೆ. ದುರ್ಬೀನನ್ನು ಹಿಂದಕ್ಕೆ ಕಳಿಸಲು ಗೋಣಿತಾಟು ಕೂಡ ತಂದಿಟ್ಟೆ. ಉತ್ತರ ಬಂತು. ‘ಏಳಕ್ಕೂ ಒಂಬತ್ತಕ್ಕೂ ನಟ್ಟನಡುವೆ ಎಂಟು. ಆದ್ದರಿಂದ ನೀನು ಹೊಡೆದುಹಾಕಿದ ಸಾಲೇ ಸರಿಯಾದ ಅಳತೆ. ಹನ್ನೆರಡು ಸಂಜೆಯಲ್ಲಿ ನೀನು ನಕ್ಷತ್ರವನ್ನು ನೋಡಿದ್ದು ಒಂದೇ ಸಂಜೆ. ಹೊಡೆದ ಸಾಲನ್ನು ಅಚ್ಚಿಗೆ ಕಳಿಸಲು ಬರುವುದಿಲ್ಲ. ಪಟ್ಟಿಯಿಂದ ನಿನ್ನ ಹೆಸರು ತೆಗೆದಿದ್ದೇನೆ. ದುರ್ಬೀನು ನಿನ್ನಲ್ಲೇ ಇರಲಿ. ಇಷ್ಟನ್ನು ಒಪ್ಪಿ ಬರೆಯುವುದು ಅಂದು ೯೪೧ ಬರೆದ ಹುಡುಗನಿಗೆ ಮಾತ್ರ ಸಾಧ್ಯ.’

“ಎಂತ ಬರ್ದಿದಾರೆ?” ಎಂದು ಸುಮತಿ ಕೇಳಿದಳು. ನಾನು ಪ್ರಾಮಾಣಿಕ ಎಂದು ಬರೆದಿದ್ದಾರೆ ಎಂದೆ. “ಹೌದಾ?” ಎಂದು ಒಳಗೆ ಹೋಗಿ ಅರೆಯಲು ಕೂತಳು.

ಆ ಹೊತ್ತಿಗೇ ಇನ್ನೊಂದು ಕಾರ್ಡು ಬರೆಯಬೇಕಿತ್ತು. ಪ್ರೊಫೆಸರರು ಇರುವವರೆಗೂ ಬರೆಯಬೇಕೆಂದುಕೊಂಡೆ; ಬರೆಯಲಿಲ್ಲ. ಈಗ ಅವರಿಲ್ಲ, ನಿಮಗೆ ಹೇಳುತ್ತೇನೆ. ಆ ೯೪೧ರ ದಿನ ನಾನು ಲ್ಯಾಬಿಗೆ ತಡವಾಗಿ ಹೋಗಿದ್ದೆ. ಪಕ್ಕದವನ ಜರ್ನಲ್ಲು ಕೇಳಿದೆ, ಅವನು ಆಗಲೇ ಒಪ್ಪಿಸಿಬಿಟ್ಟಿದ್ದ. ಹಿಂದಿನ ಬೆಂಚಿನವರನ್ನೂ ಕೇಳಿದೆ, ಯಾರದ್ದೂ ಸಿಗಲಿಲ್ಲ. ಗಂಟೆ ಹೊಡೆಯುತ್ತಿತ್ತು. ಬೇರೆ ಗತಿಯಿಲ್ಲದೆ, ನನ್ನ ಲೋಲಕ ಹೇಳಿದ್ದನ್ನೇ ಬರೆದೆ.