ಮರೆಗುಳಿ ಹುಡುಗಿಗೆ ಶಾಲೆಯ ಬೀಗದ ಕೈ

ಮೇಷ್ಟ್ರ ಕೆಲಸದಲ್ಲಿ ಇಂಥವು ದಿನಾ ನಡೆಯುತ್ತವೆ. ಎಲ್ಲ ಬರೆಯುವ ತಾಳ್ಮೆ ನನಗಿಲ್ಲ. ಒಬ್ಬಳು ಹುಡುಗಿಯದ್ದು ಮಾತ್ರ ಬರೆದು ಮುಗಿಸುತ್ತೇನೆ.

ಎಪ್ಪತ್ತರ ದಶಕದ ಕೊನೆ. ನಂಗಲಿ ಹತ್ತಿರ ಒಂದು ಹಳ್ಳಿ. ಒಂದೇ ಕೋಣೆಯ ಶಾಲೆ, ನಾನೊಬ್ಬನೇ ಮೇಷ್ಟ್ರು. ಅವಳು ಮೂರನೇ ಕ್ಲಾಸು.

೧. ತಟ್ಟೆ

ಮಧ್ಯಾಹ್ನ ಶಾಲೆಯಲ್ಲಿ ಉಪ್ಪಿಟ್ಟು. ತಟ್ಟೆ ಮನೆಯಿಂದ ತರಬೇಕು. ಅವಳು ದಿನಾ ಮರೆತು ಸ್ಲೇಟಿನ ಮೇಲೆ ಹಾಕಿಸಿಕೊಳ್ಳುತ್ತಿದ್ದಳು. ಬೈದೆ. ಮರುದಿನ ತಟ್ಟೆ ತಂದಳು, ಸ್ಲೇಟು ಮರೆತಳು.

"ಲೆಕ್ಕ ಎಲ್ಲಿ ಬರೀತೀಯೇ?"

ತಟ್ಟೆ ಮಗುಚಿದಳು. ಮನೆಯಲ್ಲಿ ಸಾರಿನ ಪಾತ್ರೆಗೆ ಬೋರಲಾಗಿ ಮುಚ್ಚುವ ತಟ್ಟೆ, ಹಿಂಭಾಗವೆಲ್ಲ ಮಸಿ. ಬಳಪ ಸ್ಲೇಟಿಗಿಂತ ಚೆನ್ನಾಗಿ ಮೂಡಿತು.

೨. ಗಂಟು

ಅವಳ ಅಜ್ಜಿ ಒಂದು ಉಪಾಯ ಹೇಳಿಕೊಟ್ಟಳು. ಮರೆಯಬಾರದ ಒಂದೊಂದಕ್ಕೂ ಲಂಗದ ಅಂಚಿಗೆ ಒಂದು ಗಂಟು. ಸೋಮವಾರ ಮೂರು ಗಂಟು ಕಟ್ಟಿಕೊಂಡು ಬಂದಳು.

"ಇದೇನೇ?"

"ಸ್ಲೇಟು."

"ಇದು?"

"ತಟ್ಟೆ."

"ಮೂರನೇದು?"

ಗಂಟನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದಳು. "ತೆಲೀದು ಮೇಷ್ಟ್ರೇ."

ಗೊತ್ತಿಲ್ಲ ಎನ್ನಬೇಕಾಗಿ ಬಂದರೆ ಆ ಊರಿನವರ ಬಾಯಿಗೆ ತೆಲುಗೇ ಬರುವುದು.

ಅಷ್ಟರಲ್ಲಿ ಅಜ್ಜಿ ಏದುಸಿರು ಬಿಡುತ್ತ ಬಾಗಿಲಿಗೆ ಬಂದಳು. ಕಂಕುಳಲ್ಲಿ ಹುಡುಗಿಯ ಎರಡು ವರ್ಷದ ತಮ್ಮ. ಅಪ್ಪ ಅಮ್ಮ ಹೊಲಕ್ಕೆ ಹೋದರೆ ಅವನೂ ಅಕ್ಕನ ಜೊತೆ ಶಾಲೆಗೇ ಬರಬೇಕು.

"ತಗೊಳ್ಳಿ ಮೇಷ್ಟ್ರೇ, ಮೂರನೇ ಗಂಟು."

೩. ಮೇಕೆ

ನಾನು ಮುಳಬಾಗಿಲಿನಿಂದ ಬಸ್ಸಿನಲ್ಲಿ ಓಡಾಡುತ್ತಿದ್ದೆ. ಹಾಗಾಗಿ ಶಾಲೆಯ ಬೀಗದ ಕೈ ಊರಿನ ಒಂದು ಮಗುವಿನ ಹತ್ತಿರ ಇರುತ್ತಿತ್ತು. ಸಂಜೆ ಬಸ್ಸಿನ ಹಾರ್ನ್ ಕೇಳಿದರೆ ಶಾಲೆ ಬಿಟ್ಟಂತೆ. ನಾನು ರಸ್ತೆಗೆ ಓಡುತ್ತಿದ್ದೆ, ಆ ಮಗು ಬೀಗ ಹಾಕುತ್ತಿತ್ತು.

ಆ ವರ್ಷ ಅವಳಿಗೆ ಕೊಟ್ಟೆ. ಜವಾಬ್ದಾರಿ ಬಂದರೆ ನೆನಪು ಬರುತ್ತದೆ ಎಂದುಕೊಂಡಿದ್ದೆ. ಅವಳು ಅದನ್ನು ದಾರಕ್ಕೆ ಪೋಣಿಸಿ ಸರದಂತೆ ಹಾಕಿಕೊಂಡಳು.

ಮೂರನೇ ದಿನವೇ ಬೀಗ ಮರೆತಳು. ಬೆಳಗ್ಗೆ ಬಂದರೆ ಒಳಗೆ ಎರಡು ಮೇಕೆ. ಗೋಡೆಯ ಜಿಲ್ಲಾ ನಕ್ಷೆಯಲ್ಲಿ ಮುಳಬಾಗಿಲು, ಶ್ರೀನಿವಾಸಪುರ ಖಾಲಿ. ಕೋಲಾರ ಜಗಿಯುತ್ತಿದ್ದವು.

"ಇನ್ನೊಂದು ಸಲ ಮರೆತರೆ ಬೀಗದ ಕೈ ಬೇರೆಯವರಿಗೆ."

ದಾರವನ್ನು ಎರಡೂ ಕೈಯಲ್ಲಿ ಹಿಡಿದು ಅತ್ತಳು. "ಬೇಡಿ ಮೇಷ್ಟ್ರೇ. ಇದೊಂದು ಮರೆಯಲ್ಲ."

"ಸರಿ, ಕೇಳು. ಹಾರ್ನ್ ಕೇಳಿದ್ರೆ ಗಂಟೆ ಹೊಡಿ. ಬೀಗ ಹಾಕು. ಮನೆಗೆ ಹೋಗು. ಮಧ್ಯೆ ಬೇರೇನೂ ಯೋಚನೆ ಮಾಡಬೇಡ."

ನೂರು ಸಲ ಹೇಳಿಸಿದೆ. ತಪ್ಪು ನನ್ನದೇ.

೪. ಇನ್ಸ್‌ಪೆಕ್ಟರು

ಒಂದು ದಿನ ಶಾಲಾ ತಪಾಸಣೆಗೆ ಇನ್ಸ್‌ಪೆಕ್ಟರು ಬಂದರು. ಸಂಜೆಯ ತನಕ ಬೀರುವಿನ ಪಕ್ಕ ಕುರ್ಚಿಯಲ್ಲಿ ಕೂತು ರಿಜಿಸ್ಟರ್ ನೋಡಿದರು. ಬಾಯಾರಿಕೆ ಎಂದರು. ಗೋಲಿ ಸೋಡಾ ತರಲು ನಾನೇ ರಸ್ತೆ ಬದಿಯ ಅಂಗಡಿಗೆ ಹೋದೆ. ಅಲ್ಲಿರುವಾಗಲೇ ಬಸ್ಸು ಹಾರ್ನ್ ಹೊಡೆದು ಹೋಯಿತು.

ವಾಪಸ್ಸು ಬಂದರೆ ಶಾಲೆಗೆ ಬೀಗ. ಅಂಗಳದಲ್ಲಿ ಒಂದು ನರಪಿಳ್ಳೆ ಇಲ್ಲ. ಸೋಡಾ ಹಿಡಿದುಕೊಂಡೇ ಅವಳ ಮನೆಗೆ ಓಡಿದೆ.

ಜಗಲಿಯ ಮೇಲಿದ್ದಳು. ದೂರದಿಂದಲೇ ಬೀಗದ ಕೈ ಎತ್ತಿ ತೋರಿಸಿದಳು. "ಮರೀಲಿಲ್ಲ ಮೇಷ್ಟ್ರೇ!"

"ಒಳಗೆ ಇನ್ಸ್‌ಪೆಕ್ಟರು ಇದ್ರಲ್ಲೇ!"

"ಇದ್ರು. ನೀವೇ ಬೇರೇನೂ ಯೋಚನೆ ಮಾಡಬೇಡ ಅಂದಿದ್ರಿ."

ನನ್ನ ಮುಖ ನೋಡಿ ದಾರ ಕತ್ತಿನಿಂದ ತೆಗೆಯತೊಡಗಿದಳು. ಕಣ್ಣು ತುಂಬಿತ್ತು.

"ಹಾಕ್ಕೊಳೇ. ನೀನೇ ಬಂದು ತೆಗಿ" ಎಂದೆ.

ಬಾಗಿಲು ತೆಗೆದಳು. ಇನ್ಸ್‌ಪೆಕ್ಟರು ಅದೇ ಕುರ್ಚಿಯಲ್ಲಿದ್ದರು. ಹೆಗಲ ಮೇಲೆ ಅವಳ ತಮ್ಮ ನಿದ್ದೆ ಹೋಗಿದ್ದ. ಸದ್ದು ಮಾಡಬೇಡಿ ಎಂದು ನನಗೆ ಬೆರಳು ತೋರಿಸಿದರು.

ಅವಳು ಹಣೆ ಚಚ್ಚಿಕೊಂಡಳು. "ಅಯ್ಯೋ, ತಮ್ಮ!"

"ಅಂದ್ರೆ ಇವನನ್ನ ಮರೆತೆ," ಇನ್ಸ್‌ಪೆಕ್ಟರು ಮೆಲ್ಲಗೆ ಕೇಳಿದರು, "ನನ್ನನ್ನ ಮಾತ್ರ ನೆನಪಿಟ್ಕೊಂಡೇ ಬೀಗ ಹಾಕಿದೆ?"

"ಹೂಂ ಸಾರ್."

ನನ್ನ ಕಥೆ ಮುಗಿಯಿತು ಎಂದುಕೊಂಡೆ. ಅವರು ಸೋಡಾ ಕುಡಿದರು, ಭೇಟಿ ಪುಸ್ತಕ ತೆಗೆದು ಬರೆದರು: "ಶಾಲೆಯ ಬೀಗ ಭದ್ರವಾಗಿದೆ. ಒಳಗಿನಿಂದ ಖುದ್ದು ಪರೀಕ್ಷಿಸಿದ್ದೇನೆ. ಬೀಗದ ಕೈ ಈ ಹುಡುಗಿಯ ಬಳಿಯೇ ಇರಲಿ. ತಮ್ಮನನ್ನು ಮೇಷ್ಟ್ರು ನೋಡಿಕೊಳ್ಳತಕ್ಕದ್ದು."