ಗೋಡೆಗೊಂದು ಸಲಾಡ್

ಎಲ್ಲ ರಗಳೆಗೂ ಮೂಲ ಒಂದು ಚೀಟಿ. ಅದರಲ್ಲಿದ್ದದ್ದು ಏಳೇ ಹೆಸರು: ಕಿತ್ತಳೆ, ಚಕ್ಕೋತ, ಮೂಲಂಗಿ, ಕ್ಯಾರೆಟ್, ಸೌತೆಕಾಯಿ, ನೇರಳೆ ಎಲೆಕೋಸು, ದಾಳಿಂಬೆ. ಕೊಟ್ಟವರು ರಸ್ತೆ ಮೂಲೆಯ ಜ್ಯೂಸ್ ಅಂಗಡಿಯ ಮಾಲೀಕರು. ಕೈನೀಡಿ ತೆಗೆದುಕೊಂಡವನು ಬೋರ್ಡಣ್ಣ.

“ಚಳಿಗಾಲಕ್ಕೆ ಅಂತ ಹೊಸದಾಗಿ ಸಲಾಡ್ ಶುರು ಮಾಡ್ತಿದೀನಿ. ರಸ್ತೆ ಕಡೆ ಗೋಡೆ ಪೂರ್ತಿ ಒಂದೇ ಒಂದು ತಟ್ಟೆ ಬರಬೇಕು. ನೋಡಿದ ತಕ್ಷಣ ಬಾಯಲ್ಲಿ ನೀರೂರಬೇಕು,” ಎಂದರು ಮಾಲೀಕರು, ಬೋರ್ಡಣ್ಣನ ಮನೆ ಬಾಗಿಲಲ್ಲೇ ನಿಂತು ಕೈ ಉಜ್ಜಿಕೊಳ್ಳುತ್ತ. “ನಾಲ್ಕು ಗಂಟೆಗೆ ಬರ್ತೀನಿ. ಒಂದು ಮಾದರಿ ತೋರಿಸಿ. ಒಪ್ಪಿಗೆ ಆದ್ರೆ ಇವತ್ತೇ ಕೆಲಸ.”

“ಮಾಡಿರೋದು ಒಂದು ತಟ್ಟೆ ಸಿಗುತ್ತಾ ಸಾರ್, ನೋಡ್ಕೊಂಡು ಬರೆಯಕ್ಕೆ?”

“ಅದನ್ನ ಮಾಡೋ ಅಡುಗೆಯವನು ನಾಳೆಯಿಂದ ಬರೋದು. ನೀವೇ ಹೆಂಗಾದ್ರೂ ನೋಡ್ಕೊಳ್ಳಿ,” ಎಂದು ಅವರು ಹೊರಟುಹೋದರು.

ಬೋರ್ಡಣ್ಣ ಮೂವತ್ತು ವರ್ಷಗಳಿಂದ ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದವನು. ಒಂದು ಕಾಲದಲ್ಲಿ ಆ ರಸ್ತೆಯ ಹಲ್ಲಿನ ಡಾಕ್ಟರಿಂದ ಹಿಡಿದು ಹಿಟ್ಟಿನ ಗಿರಣಿಯವರೆಗೆ ಎಲ್ಲರ ನೆತ್ತಿಯ ಮೇಲೂ ಅವನದೇ ಅಕ್ಷರ. ಆಮೇಲೆ ಫ್ಲೆಕ್ಸ್ ಬಂತು. ಒಂದು ಗಂಟೆಯಲ್ಲಿ ಅಚ್ಚಾಗಿ, ಸುರುಳಿ ಸುತ್ತಿಕೊಂಡು, ಸ್ಕೂಟರಿನ ಮೇಲೆ ಬರುವ ಆ ಬಣ್ಣದ ಬಟ್ಟೆ ಬೋರ್ಡಣ್ಣನ ಕುಂಚಗಳನ್ನು ಡಬ್ಬಿಯಲ್ಲೇ ಒಣಗಿಸಿಬಿಟ್ಟಿತು. ಕಳೆದ ಏಳು ತಿಂಗಳಲ್ಲಿ ಅವನಿಗೆ ಸಿಕ್ಕಿದ್ದು ‘ನಾಯಿ ಇದೆ, ಎಚ್ಚರಿಕೆ’ ಎಂಬ ಒಂದೇ ಬೋರ್ಡು. ಬಣ್ಣ ಒಣಗುವ ಮೊದಲೇ ಆ ನಾಯಿ ಮನೆ ಬಿಟ್ಟು ಓಡಿಹೋಯಿತು.

ಒಳಗಿನಿಂದ ಹೆಂಡತಿ ಚೀಲ ಹೆಗಲಿಗೇರಿಸಿಕೊಂಡು ಬಂದಳು. ಶಾಲೆಯ ಕಚೇರಿಯಲ್ಲಿ ಅವಳಿಗೆ ಕೆಲಸ, ಶನಿವಾರವೂ ರಜೆಯಿಲ್ಲ.

“ರೀ, ನಮ್ಮ ಮಾತು ನೆನಪಿದೆ ತಾನೆ? ಈ ವಾರ ಒಂದು ಕೆಲಸ ಸಿಗಲಿಲ್ಲ ಅಂದ್ರೆ ಸೋಮವಾರದಿಂದ ನನ್ನ ತಮ್ಮನ ಅಂಗಡಿ.”

ನೆನಪಿರದೆ ಏನು? ಭಾವಮೈದನದು ಕಬ್ಬಿಣದ ಸಾಮಾನಿನ ಅಂಗಡಿ. ಅಲ್ಲಿ ಕೂತು ಮೊಳೆ ತೂಗಿಕೊಡುವ ಕೆಲಸ. ಮೊಳೆಯ ವಿಚಾರ ಬಂದಾಗಲೆಲ್ಲ ಬೋರ್ಡಣ್ಣನಿಗೆ ಅದು ತನಗೇ ಹೊಡೆಯುವ ಮೊಳೆ ಎನ್ನಿಸುತ್ತಿತ್ತು.

“ಸೋಮವಾರದ ಮಾತು ಬಿಡು. ಇವತ್ತು ಸಂಜೆ ಆ ಗೋಡೆ ನಂದು,” ಎಂದ.

“ಆಗ್ಲಿ. ಅಡುಗೆಮನೆ ಮಾತ್ರ ನಂದು. ಶೋಕೇಸಿನ ಬಿಳಿ ತಟ್ಟೆ ಮುಟ್ಟಬೇಡಿ,” ಎಂದು ಅವಳು ಬಸ್ಸಿಗೆ ಓಡಿದಳು.

ಬೇರೆ ಯಾರಾದರೂ ಆಗಿದ್ದರೆ ಚೀಟಿಯನ್ನು ಎದುರಿಗಿಟ್ಟುಕೊಂಡು ಏಳು ಬಣ್ಣ ಬಳಿದು ಮುಗಿಸುತ್ತಿದ್ದರು. ಆದರೆ ಬೋರ್ಡಣ್ಣ ನೋಡದ್ದನ್ನು ಬರೆಯುವ ಪೈಕಿಯವನಲ್ಲ. ಹರೆಯದಲ್ಲಿ ಒಮ್ಮೆ ಯಾರೋ ಬಾಯಲ್ಲಿ ಹೇಳಿದ್ದನ್ನೇ ನಂಬಿ ಕುದುರೆ ಬರೆದಿದ್ದ; ಆ ಅಂಗಡಿಯನ್ನು ಜನ ಇಂದಿಗೂ ಕತ್ತೆ ಅಂಗಡಿ ಎನ್ನುತ್ತಾರೆ. ಸಲಾಡ್ ಬರೆಯಬೇಕಾದರೆ ಸಲಾಡ್ ಕಣ್ಣೆದುರಿಗೆ ಇರಬೇಕು. ಇಲ್ಲವೆಂದರೆ ಮಾಡಬೇಕು. ಹುಟ್ಟಿದಾಗಿನಿಂದ ಚಹಾ ಬಿಟ್ಟು ಬೇರೇನೂ ಮಾಡಿದವನಲ್ಲ ಎಂಬುದು ಅವನಿಗೆ ಒಂದು ಅಡ್ಡಿಯಾಗಿಯೇ ಕಾಣಲಿಲ್ಲ.

ಸ್ವೆಟರ್ ತೊಟ್ಟು ಮಾರುಕಟ್ಟೆಗೆ ನಡೆದ. ಬಣ್ಣದಂಗಡಿಯ ಶೇಡ್ ಕಾರ್ಡನ್ನೇ ಜೇಬಿನಲ್ಲಿಟ್ಟುಕೊಂಡು ಹೋಗಿದ್ದ. ಒಂದೊಂದು ಕ್ಯಾರೆಟ್ಟನ್ನೂ ಕಾರ್ಡಿಗೆ ಹಿಡಿದು ನೋಡುವಾಗ ತರಕಾರಿಯವಳು, “ಕ್ಯಾರೆಟ್ ತಗೋತೀರೋ, ಹೆಣ್ಣು ನೋಡ್ತಿದೀರೋ?” ಎಂದಳು. ಚಕ್ಕೋತ ಉಳಿದಿದ್ದದ್ದು ಒಂದೇ, ಒಳಗೆಲ್ಲ ಕೆಂಪು. ಅದನ್ನು ಎದೆಗವಚಿಕೊಂಡು ಮನೆಗೆ ತಂದ. ಶೋಕೇಸಿನಿಂದ ಬಿಳಿ ತಟ್ಟೆ ಇಳಿಸಿದ. ಬೇರೆ ತಟ್ಟೆಗಳಲ್ಲಿ ಬಣ್ಣ ಕೂರುವುದಿಲ್ಲವೆಂದ ಮೇಲೆ ಬೇರೆ ದಾರಿಯಿರಲಿಲ್ಲ.

ಕೆಲಸ ಶುರುವಾಯಿತು. ಕಿತ್ತಳೆಯ ಸಿಪ್ಪೆ, ಬಿಳಿ ನಾರು, ಆಮೇಲೆ ತೊಳೆಯ ಮೇಲಿನ ತೆಳ್ಳನೆಯ ಪೊರೆ, ಹೀಗೆ ಹಳೆಯ ಬೋರ್ಡಿನಿಂದ ಪದರ ಪದರವಾಗಿ ಬಣ್ಣ ಕೆರೆಯುವಂತೆ ತೆಗೆದ. ಮೊದಲ ನಾಲ್ಕು ತೊಳೆ ಕೈಯಲ್ಲೇ ರಸವಾದವು. ಐದನೆಯದು ಇಡಿಯಾಗಿ ಬಂತು. ಅದನ್ನು ಬೆಳಕಿಗೆ ಹಿಡಿದರೆ ಒಳಗೆ ದೀಪ ಹಚ್ಚಿದ ಹಾಗಿತ್ತು. ಬೋರ್ಡಣ್ಣನಿಗೆ ಅಂಗಾಲಿನಿಂದ ನೆತ್ತಿಯವರೆಗೆ ಹುರುಪು ಏರಿತು.

ಅಷ್ಟು ಹೊತ್ತಿಗೆ ಎದುರಂಗಡಿಯ ದರ್ಜಿ ಕೊರಳಲ್ಲಿ ಟೇಪು ನೇತುಹಾಕಿಕೊಂಡು ಒಳಗೆ ಬಂದ. ಇಬ್ಬರೂ ಚಿಕ್ಕಂದಿನಿಂದ ಜೊತೆಗಾರರು.

“ಏನೋ ಇದು, ಹೆಂಡತಿ ಓಡಿಸಿಬಿಟ್ಟಳಾ? ಅಡುಗೆಮನೇಲಿದ್ದೀಯ?”

“ಮಾದರಿ ಕಣೋ. ಮುಟ್ಟಬೇಡ.”

“ಮುಟ್ಟಲ್ಲಪ್ಪ. ಆದ್ರೆ ಕ್ಯಾರೆಟ್ ಹಿಂಗಾ ಕತ್ತರಿಸೋದು? ಅಂಗಿ ಗುಂಡಿ ಇದ್ದಂಗಿದೆ. ಓರೆಯಾಗಿ ಕೊಯ್ಯಿ. ಬಟ್ಟೆನೂ ಹಂಗೇ, ಓರೆ ಕತ್ತರಿಸಿದ್ರೆ ಬೀಳೋ ಚೆಂದನೇ ಬೇರೆ.”

ಬಿಟ್ಟಿ ಸಲಹೆಯಾದರೂ ಸಲಹೆ ಸರಿಯಾಗಿತ್ತು. ಓರೆ ಕೊಯ್ದ ಕ್ಯಾರೆಟ್ ಉದ್ದುದ್ದವಾಗಿ, ಎಲೆಯಂತೆ ಬಂತು. ಬೋರ್ಡಣ್ಣ ಬಗ್ಗಿ ಆರು ಕ್ಯಾರೆಟ್ ಕೊಯ್ದು ತಲೆಯೆತ್ತಿದಾಗ ದರ್ಜಿ ಬಾಯಿ ಒರೆಸಿಕೊಳ್ಳುತ್ತಿದ್ದ. ಚಕ್ಕೋತದ ಜಾಗದಲ್ಲಿ ಸಿಪ್ಪೆ ಮಾತ್ರ ಇತ್ತು.

“ರುಚಿ ನೋಡ್ದೆ. ಒಂಚೂರು ಹುಳಿ,” ಎಂದ ದರ್ಜಿ.

“ಪೂರ್ತಿ ತಿಂದಿದ್ದೀಯಲ್ಲೋ!”

“ಮೊದಲನೇ ತೊಳೇಲಿ ಗೊತ್ತಾಗಲಿಲ್ಲ.”

ಬೋರ್ಡಣ್ಣ ಅವನ ಜೊತೆ ಜಗಳಕ್ಕೆ ನಿಲ್ಲಲಿಲ್ಲ, ಸಮಯವಿರಲಿಲ್ಲ. ಕೆಂಪು ಚಕ್ಕೋತಕ್ಕಾಗಿ ಮೂರು ಮಾರುಕಟ್ಟೆ ಅಲೆದು, ಕೊನೆಗೆ ಒಬ್ಬ ಗಾಡಿಯವನು ತನ್ನ ಮನೆಗೆಂದು ಎತ್ತಿಟ್ಟುಕೊಂಡಿದ್ದನ್ನು ಕಾಡಿ ಬೇಡಿ ತಂದಾಗ ಹನ್ನೆರಡೂವರೆ. ಬಂದವನೇ ಬಾಗಿಲಿಗೆ ಅಗುಳಿ ಹಾಕಿ, ಎಲ್ಲದರಲ್ಲೂ ಅರ್ಧರ್ಧ ಕೊಯ್ದು ತಟ್ಟೆಯಲ್ಲಿ ಜೋಡಿಸಿದ. ಮಧ್ಯೆ ಎಲೆಕೋಸು, ಸುತ್ತ ಸೌತೆ, ಅದರ ಮೇಲೆ ಕಿತ್ತಳೆ, ಚಕ್ಕೋತ, ಅಂಚಿಗೆ ಕ್ಯಾರೆಟ್. ಕಾಗದದ ತೆಳುವಿಗೆ ಕೊಯ್ದ ಮೂಲಂಗಿ, ಕೊನೆಯಲ್ಲಿ ದಾಳಿಂಬೆ. ಆಮೇಲೆ ಮಾದರಿ ಬರೆಯುವ ತಗಡಿಗೆ ಎರಡೂ ಕಡೆ ಬಿಳಿ ಬಣ್ಣ ಬಳಿದು, ಅದನ್ನು ಒಣಗಿಸಲು ಹಿತ್ತಲಿಗೆ ಹೋದ.

ಮುಂಬಾಗಿಲಿಗೆ ಅಗುಳಿ ಹಾಕಿದವನು ಹಿತ್ತಲ ಬಾಗಿಲನ್ನು ತೆರೆದೇ ಇಟ್ಟಿದ್ದ. ಅವನು ತಗಡು ತಿರುಗಿಸುತ್ತಿದ್ದಾಗ ಮಹಡಿ ಮೇಲಿನ ಅಜ್ಜಿ ಪಕ್ಕದಲ್ಲೇ ಹಾದು ಒಳಗೆ ಹೋದದ್ದು ಗೊತ್ತೇ ಆಗಲಿಲ್ಲ. ಅಜ್ಜಿಗೆ ಈ ಕಟ್ಟಡದಲ್ಲಿ ಯಾರ ಮನೆಯಲ್ಲಿ ಏನು ಕತ್ತರಿಸಿದರೂ ಮೂಗಿಗೆ ಸುದ್ದಿ ಮುಟ್ಟುತ್ತಿತ್ತು.

“ಮಗಾ, ಉಪ್ಪು ಹಾಕೋದೇ ಮರ್ತಿದ್ದೀಯಲ್ಲೋ,” ಎಂದು ಒಳಗಿನಿಂದ ದನಿ ಬಂತು. “ಉಪ್ಪಿಗಿಂತ ರುಚಿಯಿಲ್ಲ ಅಂತ ಸುಮ್ನೆ ಹೇಳ್ತಾರಾ? ನಾನೇ ಎರಡು ಹಿಡಿ ಉದುರಿಸಿದೀನಿ. ನಿಂಬೆಹಣ್ಣೂ ಹಿಂಡಿದೀನಿ. ಚೆನ್ನಾಗಿ ಕಲಸಿದೀನಿ.”

ಬೋರ್ಡಣ್ಣ ಓಡಿಬಂದ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಸೌತೆಕಾಯಿ ನೀರು ಬಿಟ್ಟು ತಟ್ಟೆ ಕೆರೆಯಾಗಿತ್ತು. ನಿಂಬೆ ತಾಗಿ ಎಲೆಕೋಸು ಗುಲಾಬಿ ಬಣ್ಣ ಕಾರಿತ್ತು. ಮೂಲಂಗಿ, ಸೌತೆ, ಕಿತ್ತಳೆ ಎಲ್ಲಕ್ಕೂ ಅದೇ ಬಣ್ಣ.

“ನೋಡು, ಈಗ ಎಷ್ಟು ಕಳೆಯಾಗಿದೆ!” ಎಂದಳು ಅಜ್ಜಿ.

ಅಳಬೇಕೆನ್ನಿಸಿತು ಅವನಿಗೆ, ನಿಜವಾಗಿ. ಮೂವತ್ತು ವರ್ಷ ಏಣಿಯ ಮೇಲೆ ನಿಂತು ಸೋತ ಮನುಷ್ಯ ಒಂದು ತಟ್ಟೆ ತರಕಾರಿಯ ಎದುರಿಗೂ ಸೋಲುವುದೇ? ಗಡಿಯಾರ ನೋಡಿದ. ಎರಡು ಗಂಟೆ. ಅಜ್ಜಿಗೆ ಆ ಸಲಾಡನ್ನು ಡಬ್ಬಿಗೆ ತುಂಬಿಸಿ, ಮೆಟ್ಟಿಲು ಹತ್ತಿಸಿ, ಈ ಸಲ ಎರಡೂ ಬಾಗಿಲು ಭದ್ರ ಮಾಡಿ, ಹೆಂಡತಿಗೆ ಫೋನ್ ಹಚ್ಚಿದ.

“ತರಕಾರಿ ಬಾಡದ ಹಾಗೆ ಏನು ಮಾಡೋದೇ?”

“ಐಸ್ ನೀರಲ್ಲಿ ಹಾಕಿಡಿ, ಗರಿಗರಿಯಾಗುತ್ತೆ. ಎಲೆಕೋಸು ಬೇರೆ ಪಾತ್ರೇಲಿ. ಬಡಿಸೋ ಮುಂಚೆ ಒರೆಸಬೇಕು. ಯಾಕ್ರೀ? ಯಾವ ತಟ್ಟೆ ತಗೊಂಡಿದ್ದೀರಿ?”

“ಸಿಗ್ನಲ್ ಇಲ್ಲ,” ಎಂದು ಫೋನ್ ಇಟ್ಟ.

ಆ ಚಳಿಗೆ ಐಸ್ ಏಕೆ? ನಲ್ಲಿಯ ನೀರೇ ಬೆರಳು ಕಚ್ಚುತ್ತಿತ್ತು. ಉಳಿದಿದ್ದ ತರಕಾರಿಯನ್ನೆಲ್ಲ ಹೊಸದಾಗಿ ಕೊಯ್ದು ಬೇರೆ ಬೇರೆ ಪಾತ್ರೆಗಳಲ್ಲಿ ಮುಳುಗಿಸಿದ. ಮೂಲಂಗಿಯ ಬಿಲ್ಲೆಗಳು ಅಂಚು ಮಡಿಸಿಕೊಂಡು ನೆಟ್ಟಗೆ ನಿಂತವು. ಒಂದೊಂದನ್ನೂ ತನ್ನ ಹೊಸ ಬನಿಯನ್ನಿನಿಂದ ಒರೆಸಿದ. ಮನೆಯಲ್ಲಿ ಬಣ್ಣ ಮೆತ್ತದ ಬಟ್ಟೆಯೆಂದರೆ ಅದೊಂದೇ. ಕಿತ್ತಳೆಯ ಪಕ್ಕ ಎಲೆಕೋಸು ಬಂದರೆ ಎರಡೂ ಹೊಳೆಯುತ್ತವೆ, ಚಕ್ಕೋತದ ಪಕ್ಕ ಕ್ಯಾರೆಟ್ ಬಂದರೆ ಎರಡೂ ಮಂಕಾಗುತ್ತವೆ ಎಂಬುದು ಯಾವ ಅಡುಗೆಯವನಿಗೂ ತಿಳಿಯದ, ಬೋರ್ಡಣ್ಣನಿಗೆ ಮಾತ್ರ ತಿಳಿದ ಸಂಗತಿ. ದಾಳಿಂಬೆ ಕಾಳುಗಳನ್ನು ಕುಂಚದ ಹಿಡಿಯಿಂದ ಒಂದೊಂದಾಗಿ ತಳ್ಳಿ ಕೂರಿಸಿದ. ಕೊನೆಗೆ ತಟ್ಟೆಯನ್ನು ಕಿಟಕಿಯ ಬಿಸಿಲಿಗೆ ಇಟ್ಟು ಎರಡು ಹೆಜ್ಜೆ ಹಿಂದೆ ಸರಿದು ನೋಡಿದರೆ, ತಾನೇ ಮಾಡಿದ್ದೆಂದು ಅವನಿಗೇ ನಂಬಿಕೆ ಬರಲಿಲ್ಲ.

ಮೂರು ಗಂಟೆಗೆ ಕುಂಚ ಹಿಡಿದ. ಮುಕ್ಕಾಲು ಗಂಟೆ ಉಸಿರು ಬಿಗಿಹಿಡಿದು ಬರೆದ. ಕೈ ಹಳೆಯ ಕೈಯೇ. ತಗಡಿನ ಮೇಲೆ ಕಿತ್ತಳೆ ರಸ ತುಂಬಿಕೊಂಡಿತು, ಮೂಲಂಗಿಯ ಅಂಚು ಮುರಿದರೆ ಸದ್ದಾಗುವಂತೆ ಕಂಡಿತು. ಇಷ್ಟು ಚೆನ್ನಾಗಿ ಅವನು ಹತ್ತು ವರ್ಷದಲ್ಲಿ ಬರೆದಿರಲಿಲ್ಲ.

ಮಾಲೀಕರು ಹತ್ತು ನಿಮಿಷ ಮುಂಚೆಯೇ ಬಂದರು. ತಗಡು ನೋಡಿದರು, “ಚೆನ್ನಾಗಿದೆ” ಎಂದರು. ಆಮೇಲೆ ತಟ್ಟೆ ನೋಡಿದರು. ತಗಡನ್ನು ಬಿಟ್ಟು ಅದರ ಹತ್ತಿರಕ್ಕೇ ಹೋದರು.

“ಇದನ್ನ ಎಲ್ಲಿಂದ ತರಿಸಿದ್ರಿ?”

“ತರಿಸಿದ್ದಲ್ಲ ಸಾರ್. ನಾನೇ ಮಾಡಿದ್ದು, ನೋಡ್ಕೊಂಡು ಬರೆಯಕ್ಕೆ.”

“ಇದೇ! ಇದೇ ನನಗೆ ಬೇಕಾಗಿದ್ದು! ಗೋಡೆ ಮೇಲೆ ಹಿಂಗೇ ಬರಬೇಕು!” ಮಾಲೀಕರು ಫೋನ್ ಹೊರತೆಗೆದರು. “ಒಂದು ಫೋಟೊ ತಗೊಳ್ಳಲಾ?”

ಒಳ್ಳೆಯ ಗಿರಾಕಿ, ಗೋಡೆ ಮುಗಿದ ಮೇಲೆ ಹೋಲಿಸಿ ನೋಡುತ್ತಾರೆ, ನೋಡಲಿ ಎಂದುಕೊಂಡ ಬೋರ್ಡಣ್ಣ. ಅಷ್ಟೇ ಅಲ್ಲ, ಯಾರಾದರೂ ಕೆಟ್ಟದಾಗಿ ಚಿತ್ರ ತೆಗೆಯುವುದನ್ನು ಅವನ ಕಣ್ಣು ಸಹಿಸುವುದಿಲ್ಲ. “ಅಲ್ಲಿ ನಿಂತ್ರೆ ನಿಮ್ಮ ನೆರಳು ಬೀಳುತ್ತೆ ಸಾರ್. ಈ ಕಡೆ ಬನ್ನಿ. ಸ್ವಲ್ಪ ಬಗ್ಗಿ,” ಎಂದು ಜಾಗ ತೋರಿಸಿದ. ಎಡಗಡೆ ಕತ್ತಲೆಯಾಗುತ್ತಿದೆ ಅನ್ನಿಸಿ, ತಾನು ಬರೆದ ತಗಡನ್ನೇ ಎತ್ತಿ ಹಿಂದುಮುಂದಾಗಿ ಹಿಡಿದು, ಅದರ ಬಿಳಿ ಬೆನ್ನಿನಿಂದ ತಟ್ಟೆಯ ಮೇಲೆ ಬೆಳಕು ಬೀಳಿಸಿದ. ಮಾಲೀಕರು ಹದಿನೈದು ಫೋಟೊ ತೆಗೆದರು. ಆಮೇಲೆ ಚಮಚ ಕೇಳಿ ತಟ್ಟೆ ಪೂರ್ತಿ ಖಾಲಿ ಮಾಡಿದರು.

“ಸಂಜೆ ಆರಕ್ಕೆ ಗೋಡೆ ಹತ್ರ ಬನ್ನಿ. ನೀವಿಲ್ಲದೆ ಆಗಲ್ಲ. ಏಣಿ ನಾನೇ ತರಿಸಿಡ್ತೀನಿ.”

ಏಣಿ ಎಂಬ ಮಾತು ಕೇಳಿ ಬೋರ್ಡಣ್ಣನ ಕಣ್ಣಲ್ಲಿ ನೀರಾಡಿತು. ಮುಖ ತೊಳೆದು ಇಸ್ತ್ರಿ ಅಂಗಿ ತೊಟ್ಟ. ಮೊದಲು ಮಾಡಿದ ಕೆಲಸ ಭಾವಮೈದನಿಗೆ ಫೋನ್. “ಮೊಳೆ ತೂಗೋಕೆ ಬೇರೆ ಯಾರನ್ನಾದ್ರೂ ನೋಡ್ಕೊಳ್ಳಪ್ಪ. ನಮಗೆ ಬಿಡುವಿಲ್ಲ,” ಎಂದ. ಹೆಂಡತಿ ಮನೆಗೆ ಬಂದು ಬಿಳಿ ತಟ್ಟೆ ಸಿಂಕಿನಲ್ಲಿ ಬಿದ್ದದ್ದು ನೋಡಿ ಬಾಯಿ ತೆರೆಯುವಷ್ಟರಲ್ಲಿ, ಸುದ್ದಿ ಹೇಳಿ ಬಾಯಿ ಮುಚ್ಚಿಸಿದ. ಅವಳೂ ನಕ್ಕಳು. ಕುಂಚ, ಡಬ್ಬಿ, ದಾರ, ಸೀಮೆಸುಣ್ಣ ಎಲ್ಲ ಹೊತ್ತುಕೊಂಡು ಇಬ್ಬರೂ ಹೊರಟರು.

ಗೋಡೆಯ ಹತ್ತಿರ ಏಣಿ ಇತ್ತು. ಏಣಿಯ ಮೇಲೆ ಆಗಲೇ ಒಬ್ಬನಿದ್ದ. ಅವನು ಮೇಲಿನ ಹಗ್ಗ ಬಿಗಿದು, ಸುರುಳಿಯನ್ನು ಕೆಳಕ್ಕೆ ಬಿಟ್ಟ. ಹದಿನಾರು ಅಡಿ ಅಗಲದ ಫ್ಲೆಕ್ಸಿನಲ್ಲಿ ಬೋರ್ಡಣ್ಣನ ತಟ್ಟೆ ಥಳಥಳನೆ ಬಿಚ್ಚಿಕೊಂಡಿತು.

“ಬಂದ್ರಾ!” ಮಾಲೀಕರು ಓಡಿಬಂದು ಎರಡೂ ಕೈ ಹಿಡಿದುಕೊಂಡರು. “ಬೆಳಿಗ್ಗೆ ಫ್ಲೆಕ್ಸಿನವನು ಒಳ್ಳೇ ಫೋಟೊ ತನ್ನಿ, ಆಮೇಲೆ ಮಾತಾಡಿ ಅಂದಿದ್ದ. ಫೋಟೊ ಎಲ್ಲಿಂದ ತರಲಿ ಅಂತಾನೇ ನಿಮ್ಮ ಹತ್ರ ಬಂದಿದ್ದು. ಏನು ಕೈ ಸ್ವಾಮಿ ನಿಮ್ಮದು! ಆದ್ರೆ ಒಂದು ತೊಂದರೆ ಆಗಿದೆ. ನಾಳೆಯಿಂದ ಬರಬೇಕಾಗಿದ್ದ ಅಡುಗೆಯವನು ಈ ಚಿತ್ರ ನೋಡಿ, ಇದು ನನ್ನ ಕೈಲಾಗಲ್ಲ ಅಂತ ಹೊರಟೇಹೋದ. ಬೆಳಿಗ್ಗೆ ಆರಕ್ಕೆ ಬಂದು ಕೊಯ್ದುಕೊಡ್ತೀರಾ? ದಿನಾ ನಲವತ್ತು ತಟ್ಟೆ.”

ಬೋರ್ಡಣ್ಣ ಹೊತ್ತಿದ್ದ ಡಬ್ಬಿಗಳನ್ನು ಕೆಳಗಿಟ್ಟ. ಉತ್ತರ ಕೊಟ್ಟದ್ದು ಹೆಂಡತಿ.

“ಆರರಿಂದ ಒಂಬತ್ತೂವರೆ ತರಕಾರಿ, ಹತ್ತಕ್ಕೆ ಮೊಳೆ. ಎರಡೂ ಆಗುತ್ತೆ,” ಎನ್ನುತ್ತ ಅವಳು ತಮ್ಮನಿಗೆ ಫೋನ್ ಹಚ್ಚಿ, ಕ್ಷಮೆ ಕೇಳಲು ಪಕ್ಕಕ್ಕೆ ಹೋದಳು.

ಗೋಡೆಯ ಕೆಳಗೆ ಜನ ಸೇರಿದರು. ಮಹಡಿ ಮೇಲಿನ ಅಜ್ಜಿ ಕನ್ನಡಕ ಒರೆಸಿಕೊಂಡು ನೋಡಿ, ಉಪ್ಪು ಹಾಕಿದ್ದರೆ ಇನ್ನೂ ಕಳೆ ಬರುತ್ತಿತ್ತು ಎಂದಳು. ದರ್ಜಿ ಅಂಗಡಿ ಬಿಟ್ಟು ಬಂದು, ಬಹಳ ಹೊತ್ತು ತಲೆಯೆತ್ತಿ ನೋಡಿದ. ಆಮೇಲೆ ಗೆಳೆಯನ ಹೆಗಲ ಮೇಲೆ ಕೈ ಹಾಕಿ ಸಮಾಧಾನ ಹೇಳಿದ.

“ಬೇಜಾರು ಮಾಡ್ಕೋಬೇಡ ಕಣೋ. ನೀನೂ ಬೆಳಿಗ್ಗೆಯಿಂದ ಕಷ್ಟಪಟ್ಟೆ, ನಾನೇ ನೋಡಿದೀನಲ್ಲ. ಆದ್ರೆ ಇದು ಮನುಷ್ಯರ ಕೈಲಿ ಆಗೋ ಕೆಲಸ ಅಲ್ಲ, ಮೆಷಿನ್ನಿಂದಲೇ ಸಾಧ್ಯ. ಆ ಚಕ್ಕೋತ ಒಂದು ನೋಡು, ಎಷ್ಟು ಸಿಹಿಯಾಗಿದೆ! ನಿಮ್ಮನೇದು ಹುಳಿ ಇತ್ತಪ್ಪ.”