ನಮ್ಮವನಾದ ಸೆಮಿಸಿ

"ಎಲ್ಲಿಂದ ಬಂದೆಯಪ್ಪಾ?" ಎಂದು ಹಾಲ್ಡೇನ್ ಮೇಡಂ ಕೇಳಿದರು. ಸೆಮಿಸಿ ಇನ್ವರ್ಕಾರ್ಗಿಲ್ ಎಂದ. ಶಾಲೆಯಿದ್ದ ಡನೀಡಿನ್‌ನಿಂದ ಬಸ್ಸಿನಲ್ಲಿ ಮೂರು ತಾಸಿನ, ಅದೇ ದೇಶದ ಊರು. ಅವನು ಹುಟ್ಟಿದ್ದು, ಬೆಳೆದದ್ದು, ಹಾಲುಹಲ್ಲು ಬಿದ್ದದ್ದು ಎಲ್ಲ ಅಲ್ಲೇ; ಅಜ್ಜಿಯೂ ಸೇರಿ ಮನೆಮಂದಿಯೆಲ್ಲ ಇಲ್ಲಿಗೆ ಬಂದು ವಾರವಾಗಿತ್ತಷ್ಟೆ.

"ಅದಲ್ಲ ಮರಿ, ನಿಜವಾಗ್ಲೂ ಎಲ್ಲಿಂದ?"

ಅಜ್ಜಿ ಟೋಂಗಾ ದ್ವೀಪದವಳು ಎಂದು ಬಾಯಿಬಿಟ್ಟ. ಹೊಸ ಹೈಸ್ಕೂಲಿನ ಮೊದಲ ದಿನ ಕೆಟ್ಟದ್ದು ಅಲ್ಲಿಂದಲೇ.

ಆ ಶಾಲೆಯಲ್ಲಿ 'ಎಲ್ಲರೂ ನಮ್ಮವರೇ' ಎಂಬ ಸಮಿತಿಯಿತ್ತು, ಮೇಡಂ ಅದರ ಅಧ್ಯಕ್ಷೆ. ವರ್ಷದಿಂದ ಕಾದರೂ ನಮ್ಮವನನ್ನಾಗಿ ಮಾಡಿಕೊಳ್ಳಲು ಬೇರೆಯವನು ಒಬ್ಬನೂ ಸಿಕ್ಕಿರಲಿಲ್ಲ. ಕುಲಾವಿ ಹೊಲಿದು ಕೂತಿದ್ದವರಿಗೆ ಆರಡಿಯ ಕೂಸು ಸಿಕ್ಕಂತಾಯಿತು.

ರಗ್ಬಿ ಮೇಷ್ಟ್ರು ಟಗರು ಕೊಳ್ಳಲು ಬಂದವರ ಹಾಗೆ ಅವನ ಭುಜ ಹಿಚುಕಿ ನೋಡಿದರು. ತನಗೆ ಚೆಂಡು ಕಂಡರೆ ಭಯ, ತಾನು ಕ್ಲಾರಿನೆಟ್ ಊದುವವನು, ಮಧ್ಯಾಹ್ನದ ಬಿಡುವಿನಲ್ಲಿ ಬ್ಯಾಂಡಿಗೆ ಸೇರಬೇಕೆಂದಿದ್ದೇನೆ ಎಂದು ಸೆಮಿಸಿ ಹೇಳಿಕೊಂಡ. ಪಾಪ, ನಾಚಿಕೆ ಸ್ವಭಾವ ಎಂದು ಅವರು ಹೆಸರು ಬರೆದುಕೊಂಡರು. ಕ್ಯಾಂಟೀನಿನಾಕೆ ಎಲ್ಲರಿಗೂ ಹಿಟ್ಟಿನೊಳಗೆ ಮಾಂಸ ತುಂಬಿ ಬೇಯಿಸಿದ ಪೈ ಕೊಟ್ಟು, ಇವನಿಗೆ ಮಾತ್ರ ಮನೆ ನೆನಪಾಗಲಿ ಎಂದು ಅನಾನಸ್ ಕೊಟ್ಟಳು. ಮನೆ ನೆನಪಾಗಿದ್ದು ನಿಜ. ಮನೆಯಲ್ಲಾದರೆ ಪೈ ಸಿಗುತ್ತಿತ್ತು.

ಮಧ್ಯಾಹ್ನ ಇಡೀ ಶಾಲೆ ಸಭಾಂಗಣದಲ್ಲಿ ಸೇರಿತು. ಸಮಿತಿಯವರು ಅವನ ಕೊರಳಿಗೆ ಕಾಗದದ ಹೂವಿನ ಹಾರ ಹಾಕಿ, ನಿನ್ನ ನಾಡಿನ ಕುಣಿತ ಕುಣಿ ಎಂದರು. ಬರುವುದಿಲ್ಲ ಎಂದು ಮೂರು ಸಲ ಹೇಳಿದ. ಅದು ನಿನ್ನ ರಕ್ತದಲ್ಲೇ ಇದೆ ಎಂದು ಮೇಡಂ ಬೆನ್ನು ತಟ್ಟಿ ವೇದಿಕೆಗೆ ತಳ್ಳಿದರು. ನಾನೂರು ಜೋಡಿ ಕಣ್ಣು. ಅವನು ತನಗೆ ಬರುವ ಒಂದೇ ಒಂದು ಕುಣಿತ ಕುಣಿದುಬಿಟ್ಟ: ಪ್ರೈಮರಿ ಶಾಲೆಯಲ್ಲಿ ಕಲಿತ ಸ್ಕಾಟ್‌ಲೆಂಡಿನ ಕುಪ್ಪಳಿಕೆ.

ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಇದೇ ನೋಡಿ ಸಾಗರದ ಲಯ ಎಂದು ಮೇಡಂ ಕಣ್ಣೊರೆಸಿಕೊಂಡರು.

ಆಗ ಕೊನೆಯ ಸಾಲಿನಲ್ಲಿ ಬಿಳಿ ಮೈಬಣ್ಣದ, ಕೆಂಗೂದಲಿನ, ಮುಖದ ತುಂಬ ಮಚ್ಚೆಯ ಹುಡುಗಿಯೊಬ್ಬಳು ಎದ್ದು ಅವನನ್ನೇನೋ ಕೇಳಿದಳು. ಒಂದಕ್ಷರವೂ ಅವನಿಗೆ ಅರ್ಥವಾಗಲಿಲ್ಲ.

"ಟೋಂಗಾ ಮಾತಲ್ಲಿ ಹೇಗಿದೀಯಾ ಅಂತ ಕೇಳಿದೆ," ಎಂದಳು ಅವಳು. "ನಾನು ಮೊರಾಗ್. ಅಪ್ಪ ಅಮ್ಮ ಅಲ್ಲಿ ಡಾಕ್ಟರು, ನಾನು ಹುಟ್ಟಿದ್ದೂ ಅಲ್ಲೇ. ಈ ದೇಶಕ್ಕೆ ಬಂದು ನಾಲ್ಕು ದಿನ ಆಯ್ತು. ಅಂದ ಹಾಗೆ, ಅದು ಸ್ಕಾಟ್ಲೆಂಡಲ್ಲಿರೋ ನಮ್ಮಜ್ಜಿ ಕುಣಿಯೋ ಕುಣಿತ."

ಆ ದಿನವೇ ಸೇರಿದ ಅವಳನ್ನು ಬೆಳಗಿನಿಂದ ಯಾರೂ ಎಲ್ಲಿಂದ ಬಂದೆ ಎಂದು ಕೇಳಿರಲಿಲ್ಲ.

ಇನ್ನಾದರೂ ತನ್ನನ್ನು ಬಿಟ್ಟಾರು ಎಂದು ಸೆಮಿಸಿ ಉಸಿರು ಬಿಟ್ಟ. ಆದರೆ ಮೇಡಂ ಮುಖದಲ್ಲಿ ಮೊದಲಿಗಿಂತ ದೊಡ್ಡ ಕರುಣೆ ಮೂಡಿತು. ತನ್ನವರಿಗೇ ಹೊರಗಿನವನಾದ ಹುಡುಗ, ಇವನನ್ನು ಕೈಬಿಡುವುದುಂಟೇ? ನಾಳೆಯಿಂದ ದಿನಾ ಮಧ್ಯಾಹ್ನದ ಬಿಡುವಿನಲ್ಲಿ ಮೊರಾಗ್ ಅವನಿಗೆ ಟೋಂಗಾ ಕಲಿಸತಕ್ಕದ್ದು ಎಂದಾಯಿತು. ಕ್ಲಾರಿನೆಟ್ಟಿನ ಕತೆ ಅಲ್ಲಿಗೆ ಮುಗಿಯಿತು.

ಸಂಜೆ ಅಜ್ಜಿಯಾದರೂ ತನ್ನ ಪರ ನಿಂತು ಶಾಲೆಗೆ ಹೋಗಿ ಜಗಳ ಆಡುತ್ತಾಳೆಂದು ಎಲ್ಲವನ್ನೂ ಹೇಳಿಕೊಂಡ. ಅಜ್ಜಿ ಹೆಣೆಯುತ್ತಿದ್ದ ಚಾಪೆ ಬದಿಗಿಟ್ಟಳು.

"ಆ ಹುಡುಗಿ ನಿಜವಾಗ್ಲೂ ನಮ್ಮ ಮಾತಾಡ್ತಾಳಾ?"

"ಹೂಂ ಅಜ್ಜಿ."

"ಹತ್ತು ವರ್ಷ ಆಯ್ತು, ನಮ್ಮನೇಲಿ ನನ್ನ ಮಾತಿಗೆ ನನ್ನ ಮಾತಲ್ಲೇ ಉತ್ತರ ಕೊಟ್ಟವರಿಲ್ಲ." ಅಜ್ಜಿಯ ಕಣ್ಣು ತುಂಬಿತ್ತು. "ಭಾನುವಾರ ಊಟಕ್ಕೆ ಕರ್ಕೊಂಬಾ. ಕುರ್ಚಿ ಸಾಲದೇ ಹೋದ್ರೆ ನೀನು ಅಡುಗೆಮನೇಲಿ ಉಣ್ಣು."